ಮಾವನ ಟ್ರಂಪೆಟ್ಟು, ನನ್ನ ತುಟಿ

2024ರ ದೀಪಾವಳಿ ಮುಗಿದು ವಾರ ಆಗಿತ್ತು. ರಾತ್ರಿ ಊಟಕ್ಕೆ ಕೂತಾಗ ಭದ್ರಾವತಿಯಿಂದ ಫೋನ್ ಬಂತು. ನನ್ನ ಸೋದರಮಾವನ ಮಗ.

“ಭಾವ, ಮಗಳ ಮದುವೆ ನಿಶ್ಚಯ ಆಯ್ತು. ಮೇ ತಿಂಗಳಲ್ಲಿ. ಅಪ್ಪ ಒಂದು ಮಾತು ಹೇಳು ಅಂದಿದ್ದಾರೆ. ದಿಬ್ಬಣದಲ್ಲಿ ನೀವು ಒಂದು ಹಾಡು ಊದಬೇಕಂತೆ.”

“ನೋಡೋಣ” ಅಂತ ಹೇಳಿ ಫೋನ್ ಇಟ್ಟೆ. “ಏನ್ರೀ ಊದೋದು?” ಅಂತ ಹೆಂಡತಿ ಕೇಳಿದಳು. ನಮ್ಮ ಮದುವೆಯಾಗಿ 29 ವರ್ಷ. ನಾನು ಹಿಂದೆ ಟ್ರಂಪೆಟ್ ನುಡಿಸ್ತಿದ್ದೆ ಅನ್ನೋದು ಅವಳಿಗೆ ಗೊತ್ತಿತ್ತು, ಆದರೆ ‘ಚಿಕ್ಕವನಿದ್ದಾಗ ಏನೋ ಒಂಚೂರು’ ಅನ್ನೋವಷ್ಟೇ. ಹನ್ನೆರಡನೇ ವಯಸ್ಸಿನಿಂದ ಇಪ್ಪತ್ನಾಲ್ಕರವರೆಗೆ ಮಾವನ ಬ್ಯಾಂಡ್ ಸೆಟ್‌ನಲ್ಲಿ ಕೆಂಪು ಕೋಟು ಹಾಕಿಕೊಂಡು ಊರೂರು ಮದುವೆಗೆ ಹೋಗ್ತಿದ್ದೆ ಅನ್ನೋದನ್ನ ನಾನು ಅವಳಿಗೂ ಸರಿಯಾಗಿ ಹೇಳಿರಲಿಲ್ಲ. ಯಾಕೆ ಅನ್ನೋದನ್ನ ಹೇಳಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಭದ್ರಾವತಿ ಕಾರ್ಖಾನೆ ಊರು. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಆಮೇಲೆ ಕಾಗದದ ಕಾರ್ಖಾನೆ ಬಂತು. ಕೆಲಸ ಹುಡುಕಿಕೊಂಡು ಎಲ್ಲಾ ಕಡೆಯಿಂದ ಜನ ಬಂದರು. ಹಾಗಾಗಿ ಮಾವನ ಬ್ಯಾಂಡ್ ಸೆಟ್ ಅಂದರೆ ಒಂದು ಸಣ್ಣ ಭದ್ರಾವತಿ. ಕ್ಲಾರಿನೆಟ್‌ನವರ ಮನೆಮಾತು ತಮಿಳು, ಸೈಡ್ ಡ್ರಮ್‌ನವರದು ಉರ್ದು, ಯುಫೋನಿಯಂ ಊದುವವರು ಚರ್ಚಿನಲ್ಲಿ ಸ್ವರ ಓದೋದು ಕಲಿತವರು. ಮಾವ ಟ್ರಂಪೆಟ್. ವಾರವೆಲ್ಲ ಕಾರ್ಖಾನೆಯಲ್ಲಿ ಪಾಳಿ ಕೆಲಸ, ರಜೆ ದಿನ ಮದುವೆ, ಜಾತ್ರೆ, ಗಣಪತಿ ಮೆರವಣಿಗೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನ ಓದಿಸಿದ್ದು ಈ ಬ್ಯಾಂಡಿನ ದುಡ್ಡೇ. ಒಂದು ಮದುವೆಗೆ ಹೋದರೆ ಒಂದು ತಿಂಗಳ ಬಸ್ ಪಾಸ್.

1992ರಲ್ಲಿ ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾದೆ. ಮಾರನೇ ವರ್ಷ ಒಂದು ಸಂಜೆ ಜೊತೆಯ ಮೇಷ್ಟ್ರುಗಳ ಜತೆ ನೆಹರೂ ರಸ್ತೆಯಲ್ಲಿ ಕಾಫಿ ಕುಡಿದು ಹೋಟೆಲ್ ಬಾಗಿಲಲ್ಲಿ ನಿಂತಿದ್ದೆ. ಒಂದು ಮದುವೆ ಮೆರವಣಿಗೆ ಬಂತು. ಮುಂದೆ ಮಾವ. ನನ್ನನ್ನ ನೋಡಿದವರೇ ಊದುತ್ತಲೇ ಟ್ರಂಪೆಟ್ಟಿನ ಬಾಯಿಯನ್ನ ನನ್ನ ಕಡೆಗೆ ಎತ್ತಿದರು. ಬೇಕಾದವರು ಕಂಡರೆ ಅವರು ನಮಸ್ಕಾರ ಹೇಳೋ ರೀತಿ ಅದು. ಪಕ್ಕದಲ್ಲಿದ್ದ ಮೇಷ್ಟ್ರು, “ಏನ್ ಸಾರ್, ಬ್ಯಾಂಡ್‌ನವರು ನಿಮಗೆ ಪರಿಚಯವಾ?” ಅಂತ ನಕ್ಕರು. “ಇಲ್ಲಪ್ಪ” ಅಂದು ನಾನು ಮುಖ ತಿರುಗಿಸಿದೆ.

ಆಮೇಲೆ ಹಬ್ಬ, ಮದುವೆ, ಸಾವು ಅಂತ ಮಾವನ ಮನೆಗೆ ಹೋಗಿದ್ದೇನೆ, ಬಂದಿದ್ದೇನೆ. ಅವರೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಟ್ರಂಪೆಟ್ಟನ್ನಂತೂ ಮತ್ತೆ ಮುಟ್ಟಲಿಲ್ಲ. ಈಗ ಮಾವನಿಗೆ 83. ಮುಂದಿನ ಹಲ್ಲುಗಳೆಲ್ಲ ಹೋಗಿ ಹದಿನೈದು ವರ್ಷವಾಯ್ತು. ಟ್ರಂಪೆಟ್ ಊದುವವರಿಗೆ ಮುಂದಿನ ಹಲ್ಲು ಅಂದರೆ ಮನೆಗೆ ಅಡಿಪಾಯ ಇದ್ದ ಹಾಗೆ. ತುಟಿಗೆ ಹಿಂದಿನಿಂದ ಆಸರೆ ಕೊಡೋದು ಅದೇ.

ಮುಂದಿನ ಭಾನುವಾರ ಹೋಗಿ ಪೆಟ್ಟಿಗೆ ತಂದೆ. ಮೀರತ್‌ನಲ್ಲಿ ಮಾಡಿದ ಹಳೇ ಟ್ರಂಪೆಟ್. ಅಲ್ಲಿನ ಜಲಿ ಕೋಠಿ ಬಡಾವಣೆಯಿಂದಲೇ ದೇಶದ ಎಷ್ಟೋ ಬ್ಯಾಂಡ್‌ಗಳಿಗೆ ವಾದ್ಯ ಬರೋದು. ಮೂರು ವಾಲ್ವೂ ಅಂಟಿಕೊಂಡಿದ್ದವು. ಯಾವಾಗಲೋ ಯಾರೋ ಕೊಬ್ಬರಿ ಎಣ್ಣೆ ಬಿಟ್ಟಿದ್ದು ಗೋಂದಾಗಿತ್ತು. ಮೌತ್‌ಪೀಸ್ ಕೊಳವೆಯೊಳಗೆ ಕಚ್ಚಿಕೊಂಡಿತ್ತು. “ಇಕ್ಕಳ ತರ್ತೀನಿ ಭಾವ” ಅಂದ ಭಾಮೈದನನ್ನ ತಡೆದೆ. ಇಕ್ಕಳ ಹಾಕಿ ತಿರುಚಿದರೆ ಕೊಳವೆಯೇ ತಿರುಚಿಕೊಳ್ಳುತ್ತದೆ. ಮನೆಗೆ ತಂದು ಉಗುರುಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ, ಮರದ ಸೌಟಿನಿಂದ ಸುತ್ತಲೂ ಮೆಲ್ಲಗೆ ತಟ್ಟಿದೆ. ಎರಡನೇ ದಿನ ಬಿಟ್ಟುಕೊಂಡಿತು. ಮಗಳು ಆನ್‌ಲೈನಿನಲ್ಲಿ ವಾಲ್ವ್ ಎಣ್ಣೆ ತರಿಸಿಕೊಟ್ಟಳು.

ಮೊದಲ ದಿನ ಬಾಗಿಲು ಹಾಕಿಕೊಂಡು ಒಂದು ಗಂಟೆ ಊದಿದೆ. ಬೆರಳಿಗೆ ಎಲ್ಲಾ ನೆನಪಿತ್ತು. ತುಟಿಗೆ ಏನೂ ನೆನಪಿರಲಿಲ್ಲ. ಬಂದದ್ದು ಕೆಳಗಿನ ಸ, ಅದರ ಮೇಲಿನ ಪ, ಅಷ್ಟೇ. ಅದಕ್ಕಿಂತ ಮೇಲೆ ಹೋಗೋಕೆ ವಾದ್ಯವನ್ನ ಮುಖಕ್ಕೆ ಒತ್ತಿ ಒತ್ತಿ ಊದಿದೆ. ಬೆಳಗ್ಗೆ ಎದ್ದಾಗ ಮೇಲ್ದುಟಿ ಊದಿಕೊಂಡಿತ್ತು. ಒಂಬತ್ತನೇ ತರಗತಿಯ ಹುಡುಗನೊಬ್ಬ, “ಸಾರ್, ಜೇನು ಕಚ್ತಾ?” ಅಂತ ನಿಜವಾದ ಕಾಳಜಿಯಿಂದಲೇ ಕೇಳಿದ. ಹೂಂ ಅಂದೆ. ಹತ್ತು ದಿನ ಹೀಗೇ ಆಯ್ತು. ಒಂದು ದಿನ ಊದೋದು, ಎರಡು ದಿನ ತುಟಿಗೆ ತುಪ್ಪ ಸವರಿಕೊಳ್ಳೋದು.

ಮತ್ತೆ ಬಿ.ಎಚ್. ರಸ್ತೆಯ ಬಸ್ಸು ಹತ್ತಿ, ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿ ಮಾವನ ಮುಂದೆ ಹೋಗಿ ಕೂತೆ.

“ಎಷ್ಟೊತ್ತು ಊದ್ದೆ?” ಅಂದರು.

“ಒಂದು ಗಂಟೆ ಮಾವ.”

“ಸುಮ್ಮನೆ ಎಷ್ಟೊತ್ತು ಇದ್ದೆ?”

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. “ಊದಿದಷ್ಟೇ ಹೊತ್ತು ಸುಮ್ಮನಿರಬೇಕು ಕಣೋ ಅಳಿಯ. ಒಂದು ನಿಮಿಷ ಊದು, ಒಂದು ನಿಮಿಷ ಮಡಿಲಲ್ಲಿಟ್ಕೊ. ತುಟಿ ಸೋತ ಮೇಲೆ ನಿಲ್ಲಿಸೋದಲ್ಲ, ಸೋಲೋಕೆ ಮುಂಚೆ ನಿಲ್ಲಿಸಬೇಕು. ನಿನಗೀಗ ಇಪ್ಪತ್ತು ವರ್ಷವಾ?”

ಅವತ್ತಿನಿಂದ ಪ್ರತಿ ಭಾನುವಾರ ಪಾಠ. ಊದಿ ತೋರಿಸೋಕೆ ಆಗದ ಗುರು, ಐವತ್ತಾರು ವರ್ಷದ ಶಿಷ್ಯ. ಅವರು ಹೇಳಿಕೊಟ್ಟದ್ದನ್ನ ಮೇಷ್ಟ್ರ ಬುದ್ಧಿಯಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ. ಇಷ್ಟು ವರ್ಷದ ಮೇಲೆ ಹಳೇ ವಾದ್ಯಕ್ಕೆ ಕೈಹಾಕುವವರಿಗೆ ಪ್ರಯೋಜನವಾದೀತು ಅಂತ ಇಲ್ಲಿ ಬರೀತಿದ್ದೇನೆ.

ಟ್ರಂಪೆಟ್ ಅಂದರೆ ಸುರುಳಿ ಸುತ್ತಿದ ಸುಮಾರು ಒಂದೂವರೆ ಮೀಟರ್ ಕೊಳವೆ. ವಾಲ್ವ್ ಒಂದನ್ನೂ ಒತ್ತದೆ, ಬರೀ ತುಟಿ ಮತ್ತು ಉಸಿರಿನಿಂದ ಅದರಲ್ಲಿ ಸ, ಪ, ಮೇಲಿನ ಸ, ಗ, ಪ, ಅದಕ್ಕೂ ಮೇಲಿನ ಸ ಹೀಗೆ ಮೆಟ್ಟಿಲು ಹತ್ತಬಹುದು. ನಡುವಿನ ಸ್ವರಗಳಿಗೆ ವಾಲ್ವ್. ಎರಡನೇ ವಾಲ್ವ್ ಅರ್ಧ ಸ್ವರ ಇಳಿಸುತ್ತದೆ, ಒಂದನೇದು ಒಂದು ಸ್ವರ, ಮೂರನೇದು ಒಂದೂವರೆ. ಸಾಮಾನ್ಯ ಟ್ರಂಪೆಟ್ಟಿನಲ್ಲಿ ಕೆಳಗಿನ ಸ ಬರಬೇಕಾದರೆ ತುಟಿ ಸೆಕೆಂಡಿಗೆ ಸುಮಾರು 233 ಸಲ ಅದುರಬೇಕು. ತುದಿಯ ಸ ಬರಬೇಕಾದರೆ ಸುಮಾರು 932 ಸಲ. ನಾಲ್ಕು ಪಟ್ಟು. ಲೆಕ್ಕದ ಮೇಷ್ಟ್ರಾದ ನನಗೆ ಇದು ತಿಳಿದ ದಿನ ನನ್ನ ತುಟಿ ಮೇಲೆ ಸ್ವಲ್ಪ ಮರುಕ ಹುಟ್ಟಿತು. ಬಾಯಿ ಸುತ್ತ ಇರೋ ಆ ಪುಟ್ಟ ಸ್ನಾಯುವನ್ನ ಲೋಹದ ಬಳೆಯಿಂದ ಹಲ್ಲಿಗೆ ಒತ್ತಿಬಿಟ್ಟರೆ ರಕ್ತ ಓಡಾಡೋದಿಲ್ಲ, ಮರಗಟ್ಟುತ್ತದೆ. ಒತ್ತಿದರೆ ಒಂದು ಮೇಲಿನ ಸ್ವರ ಬರುತ್ತೆ ನಿಜ, ಆದರೆ ಮುಂದಿನ ಹತ್ತು ಸ್ವರ ಹೋಗುತ್ತೆ. ಲೂಯಿ ಆರ್ಮ್‌ಸ್ಟ್ರಾಂಗ್‌ನಂಥ ಮಹಾನುಭಾವನೇ ತುಟಿ ಹಾಳುಮಾಡಿಕೊಂಡು 1930ರ ದಶಕದಲ್ಲಿ ತಿಂಗಳುಗಟ್ಟಲೆ ಟ್ರಂಪೆಟ್ ಕೆಳಗಿಡಬೇಕಾಯ್ತು. ನಮ್ಮದೇನು ಬಿಡಿ.

ಮಾವ ಮೊದಲು ಮಾಡಿದ ಕೆಲಸ, ನನ್ನ ಬಲಗೈ ಕಿರುಬೆರಳನ್ನ ಕೊಕ್ಕೆಯಿಂದ ಬಿಡಿಸಿದ್ದು. ಟ್ರಂಪೆಟ್ ಮೇಲೆ ಕಿರುಬೆರಳಿಗೊಂದು ಕೊಕ್ಕೆ ಇರುತ್ತೆ. ಮೇಲಿನ ಸ್ವರ ಬಂದಾಗೆಲ್ಲ ನಮಗೆ ಗೊತ್ತಿಲ್ಲದ ಹಾಗೆ ಆ ಬೆರಳು ವಾದ್ಯವನ್ನ ಮುಖಕ್ಕೆ ಎಳೀತಿರುತ್ತೆ. “ಬೆರಳನ್ನ ಕೊಕ್ಕೆ ಮೇಲಿಡು, ಒಳಗಲ್ಲ” ಅಂದರು. ಆ ಒಂದು ಬೆರಳು ಬಿಟ್ಟಿದ್ದಕ್ಕೆ ಮೊದಲ ವಾರ ಇದ್ದ ಸ್ವರವೂ ಹೋಯ್ತು. “ಹೋಗಲಿ, ಅದು ಸುಳ್ಳು ಸ್ವರ” ಅಂದರು.

ಎರಡನೇದು, ತುಟಿಯ ಕೊನೆಗಳು. ಮೇಲಿನ ಸ್ವರಕ್ಕೆ ನಾನು ನಗೋ ಹಾಗೆ ತುಟಿ ಎಳೀತಿದ್ದೆ. ಎಳೆದರೆ ತುಟಿ ತೆಳ್ಳಗಾಗಿ ಬೇಗ ಸೋಲುತ್ತೆ. ಮಾವ ತಮ್ಮ ಎರಡು ಬೆರಳಿಂದ ನನ್ನ ಬಾಯಿಯ ಎರಡೂ ಮೂಲೆ ಹಿಡಿದು, “ಇಲ್ಲಿ ಗಟ್ಟಿ, ನಡುವೆ ಮೆತ್ತಗೆ” ಅಂದರು. ಚೀಲದ ಬಾಯಿ ದಾರ ಬಿಗಿದ ಹಾಗೆ. ಇದಕ್ಕೊಂದು ಅಭ್ಯಾಸ ಹೇಳಿಕೊಟ್ಟರು. ಒಂದು ಪೆನ್ಸಿಲನ್ನ ಹಲ್ಲಿನಿಂದ ಕಚ್ಚದೆ ಬರೀ ತುಟಿಯಿಂದ ನೇರವಾಗಿ ಹಿಡಿದುಕೊಂಡಿರೋದು. ಮೊದಲ ದಿನ ಅರ್ಧ ನಿಮಿಷಕ್ಕೇ ನಡುಗಿ ಬಿತ್ತು. ಉತ್ತರಪತ್ರಿಕೆ ತಿದ್ದುವಾಗ ಮಾಡ್ತಿದ್ದೆ, ಸ್ಟಾಫ್ ರೂಮಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಮೂರನೇದು ಉಸಿರು. ಒಂದು ಹಾಳೆಯನ್ನ ಗೋಡೆಗೆ ಒತ್ತಿ ಹಿಡಿದು, ಅರ್ಧ ಅಡಿ ದೂರದಿಂದ ಊದುತ್ತಾ ಕೈ ಬಿಡಬೇಕು. ಹಾಳೆ ಬೀಳಬಾರದು. ಆ ಕಾಲದಲ್ಲಿ ನಮಗೆ ಹಾಳೆಗೇನು ಬರ, ಕಾಗದದ ಊರೇ ನಮ್ಮದು. ಈಗ ಆ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತು ವರ್ಷಗಳಾದವು. ಮಾವ ಕ್ಯಾಲೆಂಡರಿನ ಹಳೇ ಹಾಳೆ ಹರಿದುಕೊಟ್ಟರು. ಗಂಟಲಿಂದ ತಳ್ಳೋದಲ್ಲ, ಹೊಟ್ಟೆಯಿಂದ ಬರೋ ಗಾಳಿ ಒಂದೇ ಸಮನೆ ಹರೀಬೇಕು. ನನಗೆ ಬಿ.ಪಿ. ಇದೆ. ಉಸಿರು ಬಿಗಿಹಿಡಿದು ಮೇಲಿನ ಸ್ವರಕ್ಕೆ ತಿಣುಕಿದರೆ ತಲೆ ಸುತ್ತುತ್ತೆ. ಅದಕ್ಕೇ ಡಾಕ್ಟರನ್ನ ಕೇಳಿಯೇ ಮುಂದುವರಿದೆ. ನನ್ನ ವಯಸ್ಸಿನವರು ಇದನ್ನ ಮರೀಬಾರದು.

ನಾಲ್ಕನೇದು ನಾಲಿಗೆ. ಕೆಳಗಿನ ಸ್ವರಕ್ಕೆ ಬಾಯೊಳಗೆ ‘ಆ’ ಅನ್ನೋ ಹಾಗೆ, ಮೇಲಿನದಕ್ಕೆ ‘ಈ’ ಅನ್ನೋ ಹಾಗೆ ನಾಲಿಗೆ ಏಳಬೇಕು. ಆಗ ಗಾಳಿ ಇರುಕಾಗಿ ಜೋರಾಗಿ ಹೋಗುತ್ತೆ, ತುಟಿಗೆ ಕೆಲಸ ಕಡಿಮೆ. ಬೇಗಬೇಗ ನುಡಿಸೋಕೆ ‘ತಕ ತಕ’, ಮೂರರ ಗತಿಗೆ ‘ತಕಿಟ’. ಪ್ಯಾರಿಸಿನ ಆರ್ಬನ್ ಅನ್ನೋರು 1864ರಲ್ಲಿ ಬರೆದ ದೊಡ್ಡ ಅಭ್ಯಾಸಪುಸ್ತಕ ಇದೆ, ಜಗತ್ತಿನಲ್ಲೆಲ್ಲ ಟ್ರಂಪೆಟ್ ಕಲಿಯುವವರು ಅದನ್ನ ಇಟ್ಟುಕೊಂಡಿರ್ತಾರೆ ಅಂತ ಮಗಳು ಮೊಬೈಲಿನಲ್ಲಿ ತೋರಿಸಿದಳು. ಅದರಲ್ಲೂ ‘ತು ಕು ತು ಕು’ ಅಂತಲೇ ಇದೆ. ಮಾವನಿಗೆ ಹೇಳಿದರೆ, “ಮೃದಂಗದವರು ಮೊದಲಿಂದ ಹೇಳ್ತಿಲ್ವಾ?” ಅಂದರು.

ದಿನದ ಅಭ್ಯಾಸ ಹೀಗಿತ್ತು. ಬೆಳಗ್ಗೆ ಆರೂವರೆಗೆ ಬರೀ ಮೌತ್‌ಪೀಸಿನಲ್ಲಿ ಎರಡು ನಿಮಿಷ ಜೇನಿನ ಹಾಗೆ ಝೇಂಕಾರ. ಆಮೇಲೆ ಉದ್ದ ಸ್ವರಗಳು, ಎಷ್ಟು ಮೆತ್ತಗೆ ಆಗುತ್ತೋ ಅಷ್ಟು ಮೆತ್ತಗೆ. ಜೋರಾಗಿ ಊದೋದು ಸುಲಭ, ಮೆತ್ತಗೆ ಊದಿ ಸ್ವರ ನಡುಗದ ಹಾಗೆ ಹಿಡಿಯೋದೇ ಕಷ್ಟ. ಆಮೇಲೆ ವಾಲ್ವ್ ಮುಟ್ಟದೆ ಸ–ಪ–ಸ ಜಾರೋದು. ಪ್ರತಿ ಸಲವೂ ಊದಿದಷ್ಟೇ ವಿಶ್ರಾಂತಿ. ಒಟ್ಟು ಇಪ್ಪತ್ತು ನಿಮಿಷ. ಸಂಜೆ ಇನ್ನೊಂದು ಹದಿನೈದು. ಕೊನೆಗೆ ಕೆಳಗಿನ ಸ್ವರಗಳನ್ನ ಮೆಲ್ಲಗೆ ಊದಿ ತುಟಿ ಸಡಿಲ ಮಾಡೋದು. ಒಂದು ದಿನ ಜಾಸ್ತಿಯಾದರೆ ಮಾರನೇ ದಿನ ಅರ್ಧ. ವಾರಕ್ಕೆ ಅರ್ಧ ಸ್ವರ ಮೇಲೆ ಹೋದರೆ ಸಾಕು, ಹೋಗದಿದ್ದರೂ ಬೇಜಾರಿಲ್ಲ.

ವಿನೋಬನಗರದ ನಮ್ಮ ಬೀದಿಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಮೊದಲ ವಾರವೇ ಎದುರುಮನೆಯವರು “ಸಾರ್, ಕುಕ್ಕರ್ ಕೆಟ್ಟಿದೆಯಾ?” ಅಂತ ಕೇಳಿದ್ದರು. ಕೊನೆಗೆ ಹೆಂಡತಿಯೇ ದಾರಿ ತೋರಿಸಿದಳು. ಬೀರು ಬಾಗಿಲು ತೆಗೆದು ಅದರೊಳಗಿನ ಸೀರೆಗಳಿಗೆ ಎದುರಾಗಿ ಊದೋದು. ಬಟ್ಟೆ ಸದ್ದು ಕುಡಿಯುತ್ತೆ. “ನನ್ನ ರೇಷ್ಮೆ ಸೀರೆಗೆ ಎಂಜಲು ಹಾರಿಸಿದರೆ ನೋಡಿ” ಅನ್ನೋ ಎಚ್ಚರಿಕೆಯ ಜತೆಗೆ. ಟ್ರಂಪೆಟ್ಟಿಂದ ಬೀಳೋ ನೀರು ಬಹುಪಾಲು ಎಂಜಲಲ್ಲ, ಉಸಿರಿನ ಆವಿ ತಣ್ಣಗಾಗಿ ಆದದ್ದು ಅಂತ ವಿಜ್ಞಾನ ಹೇಳಿದೆ. ಒಪ್ಪಲಿಲ್ಲ.

ಜನವರಿ ಕೊನೆಗೆ ಮೇಲಿನ ಸ ಗಟ್ಟಿಯಾಯ್ತು. ಮಾರ್ಚಿಗೆ ಗ. ತುದಿಯ ಸ ಮಾತ್ರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಾವನ ನೆಚ್ಚಿನ ರಾಜ್‌ಕುಮಾರ್ ಹಾಡೊಂದನ್ನ ಆರಿಸಿದ್ದೆ. ಪಲ್ಲವಿಯ ಕೊನೆಗೆ ಮಾವ ಸದಾ ಆ ತುದಿಯ ಸ ಹಿಡಿದು ನಿಲ್ಲುತ್ತಿದ್ದರು. ಅದು ಅವರ ಗುರುತು. ನನಗೂ ಅದೇ ಬೇಕಿತ್ತು.

ಏಪ್ರಿಲಿನ ಒಂದು ಭಾನುವಾರ ಹಾಡನ್ನ ಪೂರ್ತಿ ಊದಿ ತೋರಿಸೋಕೆ ಹೋದೆ. ಎರಡನೇ ಚರಣಕ್ಕೆ ತುಟಿ ಸತ್ತುಹೋಯ್ತು. ಬರೀ ಗಾಳಿ. ಮಾವ ಸಿಟ್ಟಾಗಲಿಲ್ಲ. “ಚರಣ ಯಾಕೆ ಊದ್ತೀಯ? ನಮ್ಮ ಸೆಟ್ಟಲ್ಲಿ ಚರಣ ಯಾರು ನುಡಿಸ್ತಿದ್ರು?” ಅಂದರು. ಕ್ಲಾರಿನೆಟ್. ಪಲ್ಲವಿ ಟ್ರಂಪೆಟ್, ಚರಣ ಕ್ಲಾರಿನೆಟ್. ಹನ್ನೆರಡು ವರ್ಷ ಅದರಲ್ಲಿ ನುಡಿಸಿದವನು ನಾನು. ಕೇಳೋಕೆ ಚೆನ್ನಾಗಿರಲಿ ಅಂತ ಹಾಗೆ ಮಾಡ್ತಾರೆ ಅಂದುಕೊಂಡಿದ್ದೆ. “ಚೆನ್ನಾಗಿರೋದು ಆಮೇಲೆ. ಮೂರು ಗಂಟೆ ಮೆರವಣಿಗೆ, ತುಟಿ ಉಳೀಬೇಕಲ್ಲ” ಅಂದರು ಮಾವ. ನಾನು ಐದು ತಿಂಗಳಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ ವಿಶ್ರಾಂತಿಯ ಲೆಕ್ಕ, ನಮ್ಮ ಬ್ಯಾಂಡಿನ ಪದ್ಧತಿಯಲ್ಲೇ ಇತ್ತು. ಒಬ್ಬ ಸೋಲೋಕೆ ಮುಂಚೆ ಇನ್ನೊಬ್ಬ ಎತ್ತಿಕೊಳ್ಳೋದು.

ಟ್ರಂಪೆಟ್ಟನ್ನ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಆಗ ಯಾಕೋ ಬಾಯಿಗೆ ಬಂತು.

“ಮಾವ, ಅವತ್ತು ನೆಹರೂ ರೋಡಲ್ಲಿ ನಾನು...”

“ಗೊತ್ತು” ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. “ಒಂದು ನಿಮಿಷ ಆಯ್ತು. ಊದು.”

ಊದಿದೆ. ಕಣ್ಣು ಮಂಜಾಗಿತ್ತು, ಸ್ವರ ಮಾತ್ರ ಸರಿಯಾಗಿತ್ತು. ಅವತ್ತು ರಾತ್ರಿ ಮನೆಗೆ ಬಂದು ಹೆಂಡತಿಗೆ ಎಲ್ಲಾ ಹೇಳಿದೆ. ಕೆಂಪು ಕೋಟು, ಬಸ್ ಪಾಸು, ಕಾಫಿ ಹೋಟೆಲ್ ಬಾಗಿಲು. ಅವಳು ಎಲ್ಲಾ ಕೇಳಿ, “ಆ ಕೋಟು ಈಗ ಎಲ್ಲಿದೆ?” ಅಂದಳು.

ಮೇ ತಿಂಗಳ ಆ ಸಂಜೆ ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನದಿಂದ ದಿಬ್ಬಣ ಹೊರಟಿತು. ಮಾವನ ಸೆಟ್ ಈಗಿಲ್ಲ. ಕೀಬೋರ್ಡು, ಸ್ಪೀಕರಿನ ಗಾಡಿ ಎಲ್ಲಾ ಇದ್ದ ಹೊಸ ಬ್ಯಾಂಡ್ ಬಂದಿತ್ತು. ಅದರ ಟ್ರಂಪೆಟ್ ಹುಡುಗನಿಗೆ ಇಪ್ಪತ್ತೆರಡಿರಬಹುದು. ಗಟ್ಟಿ ತುಟಿ. “ಅಂಕಲ್, ನೀವು ಹೇಗೆ ಹೇಳ್ತೀರೋ ಹಾಗೆ” ಅಂದ. ಪಲ್ಲವಿ ನಂದು, ಚರಣ ನಿಂದು ಅಂದೆ. ದೇವಸ್ಥಾನದ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿ ಮಾವನನ್ನ ಕೂರಿಸಿದ್ದರು.

ಮೊದಲ ಪಲ್ಲವಿ ಚೆನ್ನಾಗಿ ಬಂತು. ಎರಡನೇದೂ ಬಂತು. ಮೂರನೇ ಸಲ, ಕೊನೆಯ ಸಲ, ತುದಿಯ ಸ ಹತ್ತಿರ ಬರುವಾಗ ತುಟಿ ಹೇಳಿತು, ಒತ್ತಿದರೆ ಬರ್ತೀನಿ, ಇಲ್ಲದಿದ್ದರೆ ಇಲ್ಲ. ಕಿರುಬೆರಳು ತಾನಾಗಿ ಕೊಕ್ಕೆ ಹುಡುಕಿತು. ಬಿಡಿಸಿದೆ. ಒಂದು ಮೆಟ್ಟಿಲು ಕೆಳಗಿನ ಸ ಹಿಡಿದು ನಿಂತು, ಹುಡುಗನ ಕಡೆ ನೋಡಿದೆ. ಅವನಿಗೆ ಅರ್ಥವಾಯ್ತು. ಮೇಲಿನದನ್ನ ಅವನು ಎತ್ತಿಕೊಂಡ. ಕೆಳಗೆ ನಾನು, ಮೇಲೆ ಅವನು, ಎರಡೂ ಸ ಸೇರಿ ಬೀದಿ ತುಂಬಿತು.

ಆ ಸ್ವರ ಹಿಡಿದುಕೊಂಡೇ ನಾನು ಟ್ರಂಪೆಟ್ಟಿನ ಬಾಯಿಯನ್ನ ಮಾವನ ಕಡೆಗೆ ಎತ್ತಿದೆ. ಪಕ್ಕದಲ್ಲಿ ನಮ್ಮ ಶಾಲೆಯ ಮೇಷ್ಟ್ರುಗಳೂ ಇದ್ದರು, ನಾನೇ ಕರೆದಿದ್ದೆ. ಮಾವ ಕೈ ಎತ್ತಲಿಲ್ಲ, ತಲೆಯಾಡಿಸಲೂ ಇಲ್ಲ. ಬಲಗೈಯ ಮೂರು ಬೆರಳು ಪಂಚೆಯ ಮೇಲೆ ವಾಲ್ವ್ ಒತ್ತುತ್ತಾ ಇದ್ದವು.

ಮದುವೆ ಮುಗಿದ ಮೇಲೂ ಅಭ್ಯಾಸ ನಿಲ್ಲಿಸಿಲ್ಲ. ತುದಿಯ ಸ ಈಗ ವಾರದಲ್ಲಿ ನಾಲ್ಕು ದಿನ ಬರುತ್ತೆ. ಹುಡುಗನಾಗಿದ್ದಾಗಿನ ತುಟಿ ವಾಪಸ್ ಬರೋದಿಲ್ಲ, ಗೊತ್ತು. ಆದರೆ ಆ ವಯಸ್ಸಿನಲ್ಲಿ ಇಲ್ಲದಿದ್ದ ಒಂದು ಬುದ್ಧಿ ಬಂದಿದೆ, ಸುಮ್ಮನಿರೋದು. ನಿಮ್ಮ ಮನೆಯಲ್ಲೂ ಕೊಳಲೋ ಕ್ಲಾರಿನೆಟ್ಟೋ ಪೆಟ್ಟಿಗೆಯಲ್ಲಿ ಮಲಗಿದ್ದರೆ ತೆಗೆದು ನೋಡಿ. ಮೊದಲ ದಿನ ಐದು ನಿಮಿಷ ಸಾಕು. ಕಲಿಸಿದವರು ಇನ್ನೂ ಇದ್ದರೆ ಮೊದಲು ಅವರ ಮನೆಗೆ ಹೋಗಿಬನ್ನಿ. ವಾದ್ಯದ ಎಣ್ಣೆ ಆಮೇಲೆ ತರಿಸಬಹುದು.